ಮೇ ತಿಂಗಳ ಉಣ್ಣೆಕೋಟು

ಅಥವಾ ಅದು ಮೇ ತಿಂಗಳಲ್ಲದೆಯೂ ಇರಬಹುದು. ಬಾಗಲಕೋಟೆಯಲ್ಲಿ ಮಾರ್ಚಿನಿಂದಲೇ ಬಿಸಿಲು ಒಂದೇ ಸಮನೆ ಕುದಿಯುತ್ತದೆ. ನೆನಪು ತನಗೆ ಅನುಕೂಲವಾದ ತಿಂಗಳನ್ನು ಆರಿಸಿಕೊಂಡಿರಲಿಕ್ಕೂ ಸಾಕು. ಕೈಯಲ್ಲಿ ಕೊಡೆ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಕೋಟು ಮಾತ್ರ ಇತ್ತು. ಅದು ಈಗ ನನ್ನ ಕಪಾಟಿನಲ್ಲಿ ತೂಗುತ್ತಿದೆಯಾದ್ದರಿಂದ ಅಷ್ಟರ ಮಟ್ಟಿಗೆ ನಾನು ಸುಳ್ಳು ಹೇಳುತ್ತಿಲ್ಲ. ಮೊಣಕಾಲು ಮುಟ್ಟುವ ಬೂದು ಉಣ್ಣೆಯ ಕೋಟು, ಕಾಲರಿಗೆ ಇಲಕಲ್ ಸೀರೆಯ ಕೆಂಪು ಸೆರಗಿನ ತುಂಡು, ಗುಂಡಿಗಳಿಗೂ ಅದೇ ಬಟ್ಟೆಯ ಹೊದಿಕೆ. ನಾಯಿಗಳೂ ಗಟಾರದ ನೆರಳಿಗೆ ಸರಿದಿದ್ದ ಮಧ್ಯಾಹ್ನ, ಅದನ್ನು ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಕೊಂಡು, ರಜಿಯಾ ಟೀಚರ್ ನವನಗರದ ನಮ್ಮ ಓಣಿಯಲ್ಲಿ ಕೊತ್ತಂಬರಿ ತರಲು ಹೊರಟಿದ್ದರು.

ಕಿರಾಣಿ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ. "ಟೀಚರ್, ಥಂಡಿಜ್ವರಾ ಬಂದಾವೇನ್ರಿ?"

"ಜ್ವರಾ ನಿನಗ ಬಂದಾವ. ನಾ ಕೋಟ ಪರೀಕ್ಷಾ ಮಾಡಾಕತ್ತೇನಿ."

"ಇಂಥಾ ಬಿಸಲಾಗ ಎಂಥಾ ಪರೀಕ್ಷಾರಿ ಅದು?"

"ಹೊಲಿಗಿ ಪರೀಕ್ಷಾ. ಬೆವರಾಗ ತೊಯ್ದು, ಮೈ ಹಿಗ್ಗಿ ಕುಗ್ಗಿ, ಆಮ್ಯಾಲೂ ಹೊಲಿಗಿ ನಿಂತ್ರ ನಿಂತೀತು. ಇಲ್ಲಂದ್ರ ಲಿಸ್ಬನ್ನಿನಾಗ ತೋಳ ಬಿಚ್ಚಿ ಬಿದ್ದು ನಿಮ್ಮ ಊರ ಮರ್ಯಾದಿ ಹೋಗತೈತಿ. ನನಗೇನ?"

ಕಡಲಾಚೆಯ ಲಿಸ್ಬನ್ನಿನ ಹೆಸರನ್ನು ಅವರು ಶಿರೂರು, ಕಲಾದಗಿ ಎನ್ನುವಷ್ಟೇ ಸಲೀಸಾಗಿ ಹೇಳುತ್ತಿದ್ದರು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರಬಹುದಾದ ಊರಿನ ಹಾಗೆ.

ಅವರು ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಹುಟ್ಟಿದ್ದು ಇಲಕಲ್ಲಿನಲ್ಲಿ, ಮಗ್ಗದ ಮನೆಯಲ್ಲಿ. ಕೊಟ್ಟದ್ದು ಹಳೆ ಬಾಗಲಕೋಟೆಗೆ. ಆ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದಮೇಲೆ ಗಂಡನೊಂದಿಗೆ ನವನಗರಕ್ಕೆ ಬಂದರು. ನಾನು ಅವರ ಪಕ್ಕದ ಮನೆಗೆ ಬಾಡಿಗೆಗೆ ಬರುವಷ್ಟರಲ್ಲಿ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಪಡಸಾಲೆ ಮಾತ್ರ ಪ್ರತಿ ಮಧ್ಯಾಹ್ನ ಹೆಂಗಸರಿಂದ ತುಂಬಿರುತ್ತಿತ್ತು. ಒಡೆದು ಹೋದ ಜೋಡಿಯ ಒಂಟಿ ಬಳೆಗಳಿಗೆ ರೇಷ್ಮೆದಾರ ಸುತ್ತಿ ಕಿವಿಯ ರಿಂಗು ಮಾಡುವುದು, ಗುಳೇದಗುಡ್ಡದ ಖಣದ ರವಿಕೆಬಟ್ಟೆಯ ಚೂರುಗಳನ್ನು ಮಡಚಿ ಹೂ ಮಾಡಿ ಹಿಂದೆ ಪಿನ್ನು ಕೂರಿಸುವುದು, ತಂತಮ್ಮ ಹೆಣ್ಣುಮಕ್ಕಳ ಹರಿದ ಜೀನ್ಸಿನ ಮೊಣಕಾಲಿಗೆ ಸೀರೆಯ ದಡಿ ಹಚ್ಚುವುದು, ಇಂಥವು. ನಾನೂ ಅಲ್ಲಿಯೇ ಕಲಿತೆ. "ಅಂಗಡ್ಯಾಗಿಂದು ತೊಟ್ರ ಅಂಗಡಿ ಕಾಣತೈತಿ. ಮನ್ಯಾಗ ಮಾಡಿದ್ದು ತೊಟ್ರ ನೀ ಕಾಣತಿ" ಎನ್ನುತ್ತಿದ್ದರು. ಕಾಣುವುದು ಅವರಿಗೆ ಮುಖ್ಯವಾಗಿತ್ತು. ವಿಧವೆಯಾದವಳು, ವಯಸ್ಸಾದವಳು, ಇಷ್ಟು ಕಾಣಬಾರದೆಂದು ಓಣಿ ಎಷ್ಟು ಬಯಸಿತೋ ಅಷ್ಟು.

ಅವರ ಪಡಸಾಲೆಗೆ ಒಂದೇ ಕಟ್ಟಳೆ. ಹರಿದದ್ದನ್ನು ಹೊಲಿದರೆ ಕೆಂಪು ದಾರದಲ್ಲೇ ಹೊಲಿಯಬೇಕು. ಬಟ್ಟೆ ಹಸಿರಿರಲಿ, ಬಿಳಿಯಿರಲಿ, ಕೆಂಪು ದಾರ. ಬಟ್ಟೆಯ ಬಣ್ಣದ ದಾರ ಹುಡುಕುತ್ತ ಕೂತವರಿಗೆ ಬೈಗುಳ ಕಾದಿರುತ್ತಿತ್ತು.

"ಹರದದ್ದು ಹೌದಲ್ಲ? ಮತ್ತ ಹರದಿಲ್ಲಂತ ಅರಿವಿ ಕಡಿಂದ ಯಾಕ ಸುಳ್ಳ ಹೇಳಸ್ತೀ?"

ಇನ್ನೊಂದು, ಅವರ ಕಣ್ಣು. ಯಾವ ಹೊಲಿಗೆ ಯಾರ ಕೈಯದೆಂದು ದೂರದಿಂದಲೇ ಹೇಳುತ್ತಿದ್ದರು. ಒಮ್ಮೆ ಒಬ್ಬಾಕೆ ತನ್ನ ತಂಗಿಯಿಂದ ಮಾಡಿಸಿದ ಕೈಚೀಲವನ್ನು ತನ್ನದೆಂದು ತಂದಿಟ್ಟಳು. ಟೀಚರ್ ಅದನ್ನು ಮುಟ್ಟಲೂ ಇಲ್ಲ. "ನಿನ್ನ ತಂಗಿ ಎಡಗೈಲೆ ಉಣ್ಣತಾಳೇನ?" ಎಂದು ಕೇಳಿದರು. ಆಕೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಬಲಗೈಯವರ ಹೊಲಿಗೆ ಒಂದು ಕಡೆ ವಾಲುತ್ತದೆ, ಎಡಗೈಯವರದು ಇನ್ನೊಂದು ಕಡೆ. ಅಂದಿನಿಂದ ನಾನೂ ಹೊಲಿಗೆ ಕಂಡಲ್ಲೆಲ್ಲ ಅದು ಎತ್ತ ವಾಲಿದೆಯೆಂದು ನೋಡುವ ಚಟಕ್ಕೆ ಬಿದ್ದೆ. ಎಲ್ಲ ಕಡೆ ನೋಡಿದೆ, ನೋಡಲೇಬೇಕಾದ ಒಂದನ್ನು ಬಿಟ್ಟು.

ಲಿಸ್ಬನ್ನಿಗೆ ಅವರು ಮೊದಲ ಸಲ ಹೋದದ್ದು ಗಂಡ ಇದ್ದಾಗ, ತಮ್ಮ ದಸ್ತಗೀರನ ಹೆಂಡತಿಯ ಬಾಣಂತನಕ್ಕೆ. ಅವನು ಅಲ್ಲಿ ಮೊಬೈಲಿನ ಕವರು ಮಾರುವ ಸಣ್ಣ ಅಂಗಡಿ ಇಟ್ಟಿದ್ದ. ಮನೆ ನಾಲ್ಕನೆಯ ಅಂತಸ್ತಿನಲ್ಲಿ, ಗುಡ್ಡಕ್ಕೆ ಆತುಕೊಂಡ ಓಣಿಯಲ್ಲಿ. ಕಿಟಕಿಯ ಹೊರಗೆ ಹಗ್ಗ, ಹಗ್ಗದ ಮೇಲೆ ಊರೆಲ್ಲ ಒಣಹಾಕಿದ ಬಟ್ಟೆ, ಕೆಳಗೆ ದೂರದಲ್ಲಿ ಕಡಲಿನಷ್ಟು ಅಗಲವಾದ ನದಿ. ಆ ನದಿಯ ಬಗ್ಗೆ ಹೇಳುವಾಗ ಮಾತ್ರ ಅವರ ಸೂಜಿ ನಿಲ್ಲುತ್ತಿತ್ತು.

"ಅಲ್ಲಿ ನೀರು ಊರ ಮಗ್ಗಲದಾಗ ಕುಂತೈತಿ ನೋಡು. ಊರಾಗ ಬಂದಿಲ್ಲ. ಅಷ್ಟ ದೊಡ್ಡ ನೀರು, ತನ್ನ ಜಾಗಾದಾಗ ತಾ ಕುಂತೈತಿ."

ಊರಿಗೆ ಮರಳುವ ಹಿಂದಿನ ದಿನ ಅವರ ಗಾಢ ನೀಲಿ ಇಲಕಲ್ ಸೀರೆ ಗಾಳಿಗೆ ಹಗ್ಗದಿಂದ ಹಾರಿ ಎರಡನೆಯ ಅಂತಸ್ತಿನ ಕಿಟಕಿಯ ಕಬ್ಬಿಣಕ್ಕೆ ಸಿಕ್ಕಿ ಗೇಣುದ್ದ ಹರಿಯಿತು. ಆ ಮನೆಯ ಮುದುಕಿ ಅದನ್ನು ಒಳಗೆ ಎಳೆದುಕೊಂಡಳು. ಟೀಚರ್ ಇಳಿದು ಹೋಗಿ ಬಾಗಿಲು ತಟ್ಟಿದರೆ ಕೊಡಲಿಲ್ಲ. ಏನೋ ಹೇಳಿ, ಕೈಸನ್ನೆ ಮಾಡಿ, ಬಾಗಿಲು ಹಾಕಿಕೊಂಡಳು. ದಸ್ತಗೀರ, "ಅಕ್ಕಾ, ಸೀರಿ ಹೋತಂತ ತಿಳಕೋ" ಎಂದು ನಕ್ಕ. ಬೆಳಿಗ್ಗೆ ನೋಡಿದರೆ ಸೀರೆ ಮಡಿಕೆಯಾಗಿ ಇವರ ಬಾಗಿಲ ಹಿಡಿಕೆಗೆ ತೂಗುತ್ತಿತ್ತು. ಹರಿದಲ್ಲಿ ಒತ್ತಾದ ಹೊಲಿಗೆ. ನೀಲಿಯ ಮೇಲೆ ಕೆಂಪು ದಾರ. ಕೃತಜ್ಞತೆ ಹೇಳೋಣವೆಂದರೆ ಮುದುಕಿಯ ಕಿಟಕಿ ಮುಚ್ಚಿತ್ತು, ವಿಮಾನಕ್ಕೆ ಹೊತ್ತಾಗಿತ್ತು.

ಕೆಂಪು ದಾರದ ಮೂಲ ಇದು ಎಂದು ನಾನು ನಂಬಿದ್ದೆ. ಆದರೆ ಅದೇ ಟೀಚರ್ ಇನ್ನೊಮ್ಮೆ, ಕೆಂಪು ದಾರದಲ್ಲಿ ಹೊಲಿಯಲು ಕಲಿಸಿದ್ದು ಇಲಕಲ್ಲಿನ ತಮ್ಮ ಅಮ್ಮಿ ಎಂದೂ ಹೇಳಿದ್ದರು. ಹಿಡಿದು ಕೇಳಿದೆ. ತಬ್ಬಿಬ್ಬಾಗಲೇ ಇಲ್ಲ.

"ಎರಡೂ ಖರೆ. ಅಮ್ಮಿ ಹೇಳಿದಾಗ ನಾ ಕೇಳಲಿಲ್ಲ. ಆ ಮುದುಕಿ ಮಾಡಿ ತೋರಿಸಿದಳು. ನೀ ಯಾಕ ಪೊಲೀಸರಂಗ ಕೇಳ್ತಿ?"

ಎರಡನೆಯ ಸಲ ಹೋಗುವ ಮಾತು ಬಂದಾಗ, ಈ ಕೋಟು ಹೊಲಿದ ವರ್ಷ, ದಸ್ತಗೀರ ಅಲ್ಲಿರಲಿಲ್ಲ. ಅಂಗಡಿ ಮುಚ್ಚಿ ಬೇರೆ ದೇಶಕ್ಕೆ ಹೋಗಿದ್ದ. ಕಲಾದಗಿಯಿಂದ ಗಂಡನ ಅಣ್ಣ, ದಾಳಿಂಬೆಯ ತೋಟದ ಹಿರಿಯರು, ಒಂದು ಚೀಲ ಹಣ್ಣು ಹೊತ್ತು ಬುದ್ಧಿ ಹೇಳಲು ಬಂದರು. ಮನೆಯಲ್ಲಿ ಅವರ ಮಾತು ಉರ್ದುವೇ. ಆದರೆ ಅಂದು ನನಗೂ ತಿಳಿಯಲಿ, ನಾನೂ ನಾಲ್ಕು ಮಾತು ಹೇಳಲಿ ಎಂದು ಕನ್ನಡದಲ್ಲೇ ಬೈದರು.

"ಅಲ್ಲಿ ಯಾರ ಅದಾರವಾ ನಿನಗ?"

"ಊರ ಐತಲ್ಲ ಭಾಯಿಸಾಬ್."

"ಊರಾಗ ಯಾರು ಅಂತ ಕೇಳಾಕತ್ತೇನಿ."

"ಒಬ್ಬಾಕಿ ಅದಾಳ. ಎರಡನೇ ಅಂತಸ್ತಿನ್ಯಾಗ."

"ಅಕಿ ಆಗನ ಮುದುಕಿ ಅಂತಿ. ಇಷ್ಟೊತ್ತಿಗೆ ಸತ್ತಿರತಾಳ."

"ಸತ್ತಿದ್ರ ಸತ್ತಾಳಂತ ತಿಳಿತೈತಿ. ಇಲ್ಲಿ ಕುಂತ್ರ ಅದೂ ತಿಳಿಯಂಗಿಲ್ಲ."

ಹಿರಿಯರು ಟೋಪಿ ತೆಗೆದು ತಲೆ ಒರೆಸಿಕೊಂಡರು. "ಹಜ್‌ಗೆ ಹೋಗು, ನಾನ ಕರಕೊಂಡ ಹೋಗ್ತೇನಿ. ಮಂದಿ ಕೈ ಮುಗಿತಾರ. ಇದಕ್ಕ ಏನಂತಾರ ಗೊತ್ತೈತೇನು?"

"ಅಲ್ಲಾ ಕರದಾಗ ಅಲ್ಲಿಗೂ ಬರ್ತೇನಿ. ಆದ್ರ ಕೈಮ್ಯಾಲ ಒಬ್ಬರ ಉಪಕಾರಾ ಇಟಗೊಂಡು ಅಲ್ಲಿ ಹ್ಯಾಂಗ ನಿಂದರ್ಲಿ? ಮಂದಿ ಏನರ ಅನ್ನಲಿ. ಮಂದಿ ನನ್ನ ಸೀರಿ ಹೊಲದ ಕೊಟ್ಟಿಲ್ಲ."

ಹಿರಿಯರು ನನ್ನ ಕಡೆ ನೋಡಿದರು. ನಾನು ದಾಳಿಂಬೆ ಬಿಡಿಸುತ್ತ ಕೂತೆ.

ಮುದುಕಿಗೆ ಕೊಡಲು ಟೀಚರ್ ಹೊಲಿದದ್ದು ಒಂದು ಕೈಚೀಲ, ಕೌದಿಯ ಹಾಗೆ ಚೂರು ಸೇರಿಸಿ, ಇಡೀ ಮೈಗೆ ಹೊಲಿಗೆ ಹಾಕಿದ್ದು. ನಡುವಿಗೆ ಏನು ಬರುತ್ತದೆಂದು ನಮಗಾರಿಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಆ ನೀಲಿ ಸೀರೆಯನ್ನೇ ಹೊರತೆಗೆದು, ಹೊಲಿಗೆ ಬಿದ್ದ ಜಾಗದ ಸುತ್ತ ಕತ್ತರಿ ಆಡಿಸಿದರು. ಪಡಸಾಲೆಯೆಲ್ಲ ಅಯ್ಯಯ್ಯೋ ಎಂದಿತು. ಇನ್ನೂ ಹತ್ತು ವರ್ಷ ಉಡಬಹುದಾದ ಸೀರೆ.

"ಅಕಿ ಮಾತು ನನಗ ಬರಂಗಿಲ್ಲ, ನನ್ನ ಮಾತು ಅಕಿಗೆ ಬರಂಗಿಲ್ಲ. ತನ್ನ ಹೊಲಿಗಿ ತನಗ ಗುರ್ತ ಹತ್ತತೈತಿ. ಮತ್ತೇನ ಬೇಕು? ನಾವು ಇಲಕಲ್ಲಿನವರು. ಸೀರಿ ಮೈಗೆ ಒಂದು ನೂಲು, ಸೆರಗಿಗೆ ಒಂದು ನೂಲು. ಎರಡರ ಎಳಿ ಎಳಿ ಕೂಡಿಸಿ ಕೊಂಡಿ ಹಾಕೋದು ನಮ್ಮ ಕೆಲಸ."

ಕೊನೆಯ ಮೂಲೆ ಹೊಲಿಯುವ ಮುನ್ನ ಜೋಳದ ರೊಟ್ಟಿಯ ಒಂದು ಒಣ ಚೂರನ್ನು ಒಳಗೆ ತುರುಕಿದರು. ಕೌದಿಯಾಗಲಿ ಚೀಲವಾಗಲಿ, ಅವರಿಗೆ ಅದು ತಪ್ಪದ ಪದ್ಧತಿ. ಖಾಲಿ ಹೊಟ್ಟೆಯಲ್ಲಿ ಯಾವ ವಸ್ತುವೂ ಮನೆ ಬಿಟ್ಟು ಹೋಗಬಾರದು.

ಆ ಚೂರು ಅವರನ್ನು ಲಿಸ್ಬನ್ನಿನ ವಿಮಾನ ನಿಲ್ದಾಣದಲ್ಲಿ ಹಿಡಿದುಕೊಟ್ಟಿತು. ಇದನ್ನು ಅವರು ಪಡಸಾಲೆಯಲ್ಲಿ ಎಷ್ಟು ಸಲ ಹೇಳಿದರೆಂದರೆ ನಾನೇ ಪಕ್ಕದಲ್ಲಿ ನಿಂತಿದ್ದೆನೇನೋ ಅನ್ನಿಸುತ್ತದೆ. ತಪಾಸಣೆಯ ನಾಯಿಯೊಂದು ಬಂದು ಚೀಲದ ಮುಂದೆ ಗಟ್ಟಿಯಾಗಿ ಕೂತುಬಿಟ್ಟಿತು. ಮೊದಲ ಹೇಳಿಕೆಯಲ್ಲಿ ಅದು ಸಣ್ಣ ನಾಯಿ, ಆಮೇಲಿನವುಗಳಲ್ಲಿ ಕರುವಿನಷ್ಟಾಯಿತು. ಅಧಿಕಾರಿ ಕತ್ತರಿ ತಂದು ಮೂಲೆ ಬಿಚ್ಚಿ, ಚೂರನ್ನು ಚಿಮಟಿಗೆಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಟೀಚರ್ ಅದನ್ನು ಕಿತ್ತುಕೊಂಡು ಬಾಯಿಗೆ ಹಾಕಿ ಅಗಿದು ತೋರಿಸಿದರು.

"ಅಯ್ಯ ಟೀಚರ್, ಜೇಲಿಗೆ ಹಾಕಿದ್ರ?" ಪಡಸಾಲೆಯಲ್ಲಿ ಯಾರಾದರೊಬ್ಬರು ಕೇಳುವರು.

"ರೊಟ್ಟಿ ತಿಂದದ್ದಕ್ಕ ಜೇಲೇನ? ಅವ ನಕ್ಕ. ನಾ ನಗಲಿಲ್ಲ. ಬಿಚ್ಚಿದ್ದಿ, ಈಗ ಹೊಲಿಬೇಕಲ್ಲೋ ಅಂದೆ."

ಪೆಟ್ಟಿಗೆಯಿಂದ ಸೂಜಿ, ಕೆಂಪು ದಾರ ತೆಗೆದು, ಅಧಿಕಾರಿಯ ಮೇಜಿನ ಮೇಲೆಯೇ ಹೊಲಿಯಲು ಕೂತರಂತೆ. ಚೀಲದ ಹೊಟ್ಟೆ ಖಾಲಿಯಾಗಿತ್ತಲ್ಲ, ಅವನ ಚಹದ ಬಟ್ಟಲಿನ ಪಕ್ಕದಲ್ಲಿದ್ದ ಸಕ್ಕರೆಯ ಪುಟ್ಟ ಪೊಟ್ಟಣವನ್ನು ಕೇಳದೆಯೇ ಎತ್ತಿ ಒಳಗಿಟ್ಟರಂತೆ. ಹಿಂದಿನ ಸಾಲೆಲ್ಲ ಕಾಯಿತಂತೆ. ಸಕ್ಕರೆಯ ಮಾತು ನಂತರ ಸೇರಿಸಿದ್ದೆಂದು ನನ್ನ ಅನುಮಾನ. ರೊಟ್ಟಿಯನ್ನು ಅಗಿದದ್ದನ್ನು ಮಾತ್ರ ನಂಬುತ್ತೇನೆ.

ಅವರು ಮರಳಿದಾಗ ಕೋಟು ಇತ್ತು, ಚೀಲ ಇರಲಿಲ್ಲ. ಊರಿನ ಬಗ್ಗೆ ದಿನಗಟ್ಟಲೆ ಹೇಳಿದರು. ಓಣಿ ಇಳಿಯುವ ಟ್ರಾಮು, ಕಾಲು ಜಾರುವ ಕಲ್ಲು, ಸುಟ್ಟ ಮೀನಿನ ಹೊಗೆ, ದಸ್ತಗೀರನ ಅಂಗಡಿಯ ಜಾಗದಲ್ಲಿ ಬಂದ ಹಲ್ಲಿನ ದವಾಖಾನೆ, ತನ್ನ ಜಾಗದಲ್ಲೇ ಕೂತ ನೀರು. ಕೋಟು ನೋಡಿ ಇಬ್ಬರು ಹುಡುಗಿಯರು ಬೀದಿಯಲ್ಲಿ ತಡೆದು ಕಾಲರು ಮುಟ್ಟಿ ನೋಡಿದ್ದನ್ನು ಕಿರಾಣಿ ಅಂಗಡಿಯವರೆಗೆ ಹೋಗಿ ತಿಳಿಸಿ ಬಂದರು. ಮುದುಕಿಯ ಬಗ್ಗೆ ಕೇಳಿದರೆ ಮಾತ್ರ ಒಂದೇ ಮಾತು.

"ಇದ್ದಳೇನ್ರಿ ಅಕಿ?"

"ಕಿಟಕಿ ತೆರದಿತ್ತು."

"ಮತ್ತ ಚೀಲಾ?"

"ಕೊಟ್ಟ ಬಂದೆ."

"ಯಾರ ಕೈಯಾಗ?"

"ಸೂಜ್ಯಾಗ ದಾರ ಹಾಕ, ಕತ್ತಲಾಗತೈತಿ."

ದೊಡ್ಡ ಮಾತಿನ ಆ ಹೆಂಗಸು ಇಲ್ಲಿ ಯಾಕೆ ಬಾಯಿ ಮುಚ್ಚಿದರು? ಮುದುಕಿ ಸತ್ತಿದ್ದಕ್ಕೋ? ಸೋತೆನೆಂದು ಕಲಾದಗಿಯ ಭಾವನವರ ಮುಂದೆ ಒಪ್ಪಬಾರದೆಂದೋ? ಅಥವಾ ಸಿಕ್ಕಿದ್ದಳು, ಸಿಕ್ಕಿದ್ದು ಪಡಸಾಲೆಯಲ್ಲಿ ಹಂಚುವಂಥದ್ದಾಗಿರಲಿಲ್ಲವೋ? ಮೂರನ್ನೂ ನಾನು ಬೇರೆ ಬೇರೆ ದಿನ ನಂಬಿದ್ದೇನೆ.

ಕೊನೆಯ ಸಲ ನೋಡಿದ್ದು ದವಾಖಾನೆಯಲ್ಲಿ. ಮಾತು ಕಡಿಮೆಯಾಗಿತ್ತು. ಬೆರಳು ಹೊದಿಕೆಯ ಅಂಚನ್ನು ತಡವುತ್ತಿತ್ತು. ನೋವಿಗೋ ಎಂದು ಬಾಗಿದೆ.

"ಯಾವಾಕಿ ಹೊಲದಾಳ ಇದನ್ನ? ಎಳದ್ರ ಸಾಕು, ಪೂರಾ ಬರತೈತಿ."

"ಇರಲಿ ಬಿಡ್ರಿ ಟೀಚರ್."

"ಯಾಕ ಇರಲಿ? ಸೂಜಿ ತಾ."

ನರ್ಸು ಸೂಜಿ ಬೇಡವೆಂದಳು. ಟೀಚರ್ ಆಕೆಯನ್ನು ನೋಡಿದ ನೋಟ ಆ ವಿಮಾನ ನಿಲ್ದಾಣದ ಅಧಿಕಾರಿ ಕಂಡ ನೋಟವೇ ಇರಬೇಕು. ಮರುದಿನ ನಾನು ಸೂಜಿ, ದಾರ ಒಯ್ದೆ. ಹಾಸಿಗೆ ಖಾಲಿಯಾಗಿತ್ತು.

ಕೋಟನ್ನು ತಂದುಕೊಟ್ಟದ್ದು ಕಲಾದಗಿಯ ಹಿರಿಯರು. "ನಿನಗ ಕೊಡಂತ ಹೇಳಿದ್ದಳು" ಎಂದು ಕುರ್ಚಿಯ ಮೇಲಿಟ್ಟರು. ಚಹ ಕುಡಿದರು. ಹೊರಟವರು ಮತ್ತೆ ಬಾಗಿಲಲ್ಲಿ ನಿಂತರು.

"ಆ ಮುದುಕಿ ಸಿಕ್ಕಿದ್ದಳಂತೇನು?"

"ನಿಮಗೂ ಹೇಳಿಲ್ಲೇನ್ರಿ?"

"ನಾ ಕೇಳಲಿಲ್ಲ. ಬ್ಯಾಡಂದಾವ ನಾನ, ಯಾವ ಬಾಯಿಲೆ ಕೇಳ್ಲಿ?"

ಅವರು ಹೋದಮೇಲೆ ಕೋಟನ್ನು ಕಿಟಕಿಗೆ ಹಿಡಿದು ನೋಡಿದೆ. ಮೇ ತಿಂಗಳ ಬಿಸಿಲನ್ನು, ಅದು ಮೇ ಆಗಿದ್ದರೆ, ತಡೆದುಕೊಂಡ ಹೊಲಿಗೆ ಎಲ್ಲ ಕಡೆ ಗಟ್ಟಿಯಾಗಿತ್ತು. ಎಡತೋಳಿನ ಕಂಕುಳಲ್ಲಿ ಮಾತ್ರ ಅಸ್ತರು ಒಂದು ಕಡೆ ಹರಿದು, ಮತ್ತೆ ಹೊಲಿಯಲ್ಪಟ್ಟಿದೆ. ಕೆಂಪು ದಾರ. ಒತ್ತಾದ, ಸಣ್ಣ ಹೊಲಿಗೆ. ಅದು ಟೀಚರ ಹೊಲಿಗೆಯ ವಿರುದ್ಧ ದಿಕ್ಕಿಗೆ, ಎಡಗೈಯವರದರ ಹಾಗೆ, ವಾಲಿದೆ.

ಅವರ ಕೈಯಲ್ಲ. ನಮ್ಮ ಪಡಸಾಲೆಯ ಯಾರ ಕೈಯೂ ಅಲ್ಲ, ಎಲ್ಲರನ್ನೂ ಕೇಳಿದ್ದೇನೆ. ಲಿಸ್ಬನ್ನಿನ ಯಾವುದೋ ದರ್ಜಿಯದಿರಬಹುದು. ಬಲಗೈ ನೋಯುತ್ತಿದ್ದ ದಿನ ಟೀಚರೇ ಎಡಗೈಯಲ್ಲಿ ಹಾಕಿರಬಹುದು. ಆ ಮುದುಕಿಯದೇ ಕೈಯೋ ಎಂದು ಹೋಲಿಸಿ ನೋಡಲು ಇದ್ದದ್ದು ಆಕೆ ಹೊಲಿದಿದ್ದ ನೀಲಿ ಸೀರೆಯ ಆ ಒಂದು ತುಂಡು. ಅದು ಚೀಲದ ನಡುವೆ ಕೂತು ಹೋಯಿತು. ಅದನ್ನು ನಾನು ಎಷ್ಟೋ ಸಲ ಮಡಿಲಲ್ಲಿಟ್ಟುಕೊಂಡು ನೋಡಿದ್ದೆ, ಕೆಂಪನ್ನು ಕಂಡಿದ್ದೆ. ಹೊಲಿಗೆ ಎತ್ತ ವಾಲಿತ್ತೆಂದು ನೋಡಿರಲಿಲ್ಲ.

ಅವಳು ಸಿಕ್ಕಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.