ಕ್ಯಾಮೆರಾದ ಹಣಿ ಎಲ್ಲೈತಿ?

ನನ್ನ ಹೊಸ ಕ್ಯಾಮೆರಾದ ಡಬ್ಬಿ ಬಿಚ್ಚಾಕತ್ತಿದ್ದೆ, ಹಿಂದಿಂದ ಮೈಲಾರಲಿಂಗನ ಭಂಡಾರದ ಅರಿಶಿನ ವಾಸನಿ ಬಂತು. ಲಗೂನ ಲೆನ್ಸಿನ ಮುಚ್ಚಳ ಒತ್ತಿ ಹಿಡಿದೆ.

ನಾ ಸಣ್ಣಾಕಿದ್ದಾಗ ಅಪ್ಪ ಗದ್ವಾಲ್‌ದಾಗ ಮದುವಿ ಫೋಟೋ ತೆಗಿತಿದ್ದ. ಮೊದಲನೇ ಡಿಎಸ್ಎಲ್ಆರ್ ತಂದಾಗ ದಿನಾ ನನಗ ಅದೇ ಪಾಠ: ಕೈ ತೊಳಕೋ, ಪಟ್ಟಿ ಕೊರಳಿಗೆ ಹಾಕ್ಕೋ, ಗಾಜು ಮುಟ್ಟಬ್ಯಾಡ. ಎಲ್ಲಾ ಪಾಲಿಸಿ, ಮುಚ್ಚಳ ತೆಗೆದು ಅಜ್ಜಿಗೆ ತೋರಿಸಿದೆ. ಹೊಸಾದು ಏನ ಬಂದ್ರೂ ಹಣಿಗೆ ಭಂಡಾರ ಹಚ್ಚಾಕಿ ಆಕಿ. "ಇದರ ಹಣಿ ಎಲ್ಲೈತಿ?" ಅಂತ ಹುಡುಕಿ, ಮೈಲಾರಲಿಂಗನ್ನ ನೆನೆಸಿ, ಆಕಿ ಲೆನ್ಸಿಗೇ ಭಂಡಾರ ಬಳದ್ಲು! ಅಪ್ಪ ಎಷ್ಟು ಒರೆಸಿದ್ರೂ ಜೂಮ್ ತಿರುವಿದಾಗೆಲ್ಲ ಕರಕರ. "ಯಂತ್ರಕ್ಕ ಎಂಥಾ ಭಂಡಾರ?" ಅಂತ ಬೈದಿದ್ದು ಯಾರಿಗೆ? ನನಗ! ತನ್ನವ್ವಗ ಬೈಯಾಕ ಅವಗೆಲ್ಲಿ ಧೈರ್ಯ.

ಈಗ ಅಜ್ಜಿ ಇಲ್ಲ. ತಿರುಗಿ ನೋಡಿದ್ರ ಆಕಿ ಭಂಡಾರದ ಬಟ್ಟಲ ಹಿಡಕೊಂಡು ಅಪ್ಪ ನಿಂತಾನ. "ಯವ್ವಾ, ಇದರ ಹಣಿ ಎಲ್ಲೈತಿ?" ಅಂತ ನನ್ನ ಕೇಳತಾನ, ಜನ್ಮೆಲ್ಲಾ ಕ್ಯಾಮೆರಾ ಹಿಡಿದಾಂವ!