ಖೋಸಾದವರು ಹೇಳದ ಊರು

ದಾವಣಗೆರೆಯಿಂದ ಹರಿಹರಕ್ಕೆ ರೈಲಿಗಿಂತ ಮೊದಲೇ ಟಾಂಗಾ ಮುಟ್ಟಿಸುತ್ತಿದ್ದವನು ನಾನು, ನಂಬದಿದ್ದರೆ ಬಿಡ್ರಿ. ಒಮ್ಮೆ ಕಾರ್ಖಾನೆ ನೋಡಲು ಬಂದ ಇಬ್ಬರು ಪರದೇಶದವರು ಹತ್ತಿದರು. ಒಬ್ಬರದು ಲಾವೋಸ್ ದೇಶದ ಲಾವೊ ಭಾಷೆ, ಇನ್ನೊಬ್ಬರದು ಆಫ್ರಿಕಾದ ಖೋಸಾ ಅಂತ, ಅವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಗುಮಾಸ್ತರು ಹೇಳಿದರು.

“ತಮ್ಮ ತಮ್ಮ ಊರಿನ ಹೆಸರು ಹೇಳ್ಲಿ, ಯಾವ ಭಾಷೆ ಚಂದ ಐತೆ ಅಂತ ನಾನು ತೀರ್ಪು ಕೊಡ್ತೀನಿ” ಎಂದೆ.

ಲಾವೊದವರದು ರಾಗ ಎಳೆದಂಗಿತ್ತು. “ಭೇಷ್!” ಎಂದೆ. ಖೋಸಾದವರು ಬಾಯಿ ತೆರೆದದ್ದೇ ನಾಲಿಗೆ ಲೊಟಕ್ಕೆಂದಿತು; ಅವರ ಭಾಷೆಯಲ್ಲಿ ಅದೂ ಒಂದು ಅಕ್ಷರವಂತೆ. ನಾವು ಕುದುರೆ ಓಡಿಸುವಾಗ ಮಾಡುವ ಸದ್ದೇ ಅದು! ಕುದುರೆ ಕಿತ್ತುಕೊಂಡು ಓಡಿತು.

“ಬಾಯಿ ಮುಚ್ಚು ಅನ್ರಿ ಸ್ವಾಮೇರಾ! ಅದೂ ಒಂದು ಭಾಷೇನಾ?” ಎಂದು ಕೂಗಿದೆ. ಗುಮಾಸ್ತರು ಹಾಗೇ ಹೇಳಿಬಿಟ್ಟರು. ಆ ಮನುಷ್ಯ ಹರಿಹರದವರೆಗೂ ತುಟಿ ಬಿಚ್ಚಲಿಲ್ಲ.

ಇಳಿಯುವಾಗ ನನಗೇ ನಾಚಿಕೆಯಾಗಿ ಗುಮಾಸ್ತರಿಂದ ಮತ್ತೆ ಊರಿನ ಹೆಸರು ಕೇಳಿಸಿದೆ. ಖೋಸಾದವರು ನಕ್ಕು, ಕುದುರೆಯ ಕಿವಿಯಲ್ಲಿ ಮೆಲ್ಲಗೆ ಹೇಳಿ ಹೋದರು. ಆ ಹೆಸರು ಬಲ್ಲ ಕುದುರೆಯೂ ಈಗಿಲ್ಲ.