ಸಾಕೆಟ್ಟಿನ ಮೂರನೇ ತೂತು

ಈಗಲೂ ಯಾವ ಕಂಪ್ಯೂಟರಿನ ಹತ್ತಿರ ಹೋದರೂ ಮೊದಲು ಬೆರಳಿನ ಹಿಂಬದಿಯಿಂದ ಅದರ ಮೈ ತಾಕಿ ನೋಡುತ್ತೇನೆ. ಅಂಗೈಯಿಂದ ಮುಟ್ಟುವುದಿಲ್ಲ. ಕರೆಂಟು ಹೊಡೆದರೆ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ಆಫೀಸಿನಲ್ಲಿ ಇದನ್ನು ನೋಡಿ ನಕ್ಕವರಿದ್ದಾರೆ. ಅವರಿಗೆ ನಾನು ಕಾರಣ ಹೇಳಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಬಿ.ಎಸ್ಸಿ. ಮುಗಿಸಿ ಬಸವನಗುಡಿಯ ಒಂದು ಕಂಪ್ಯೂಟರ್ ಅಂಗಡಿಗೆ ಸೇರಿದ್ದೆ. ಬಿಡಿ ಭಾಗಗಳನ್ನು ತಂದು, ಜೋಡಿಸಿ, ಕಡಿಮೆ ಬೆಲೆಗೆ ಮಾರುವ ಅಂಗಡಿ. ಯಜಮಾನರು ಮಾಗಡಿ ಕಡೆಯವರು. ಅದಕ್ಕೆ ಮೊದಲು ರೈತರಿಗೆ ಪಂಪ್‌ಸೆಟ್ ಮಾರುತ್ತಿದ್ದರು. ಬಂದ ಗಿರಾಕಿಗಳಿಗೆ ವಿವರಿಸುವುದು ನನ್ನ ಕೆಲಸ. “ಫಿಸಿಕ್ಸ್ ಓದಿದೀಯ, ನೀನು ಹೇಳಿದ್ರೆ ಜನ ನಂಬ್ತಾರೆ” ಎನ್ನುತ್ತಿದ್ದರು. ಅಂಗಡಿಯ ಕರಪತ್ರ ಬರೆದವನೂ ನಾನೇ. ‘ನಾಳೆಗೂ ಸಿದ್ಧವಾದ ಕಂಪ್ಯೂಟರ್. ಒಮ್ಮೆ ಕೊಳ್ಳಿ, ಬೇಕಾದಾಗ ಬೆಳೆಸಿಕೊಳ್ಳಿ.’

ಅದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಪದವೂ ಇರಲಿಲ್ಲ. ಕಂಪ್ಯೂಟರಿನ ಡಬ್ಬದೊಳಗೆ ಖಾಲಿ ಜಾಗಗಳಿದ್ದವು. ಮುಂದೆ ಏನು ಬೇಕೋ ಅದನ್ನು ಅಲ್ಲಿ ಕೂರಿಸಬಹುದಿತ್ತು. ಆದರೆ ಅದಕ್ಕೆಲ್ಲ ಕರೆಂಟು ಹಂಚುವ, ಡಬ್ಬದ ಹಿಂಭಾಗದ ಪುಟ್ಟ ಪೆಟ್ಟಿಗೆ ಮಾತ್ರ ಮಾರುಕಟ್ಟೆಯಲ್ಲಿ ಸಿಗುವುದರಲ್ಲೇ ಅತಿ ಅಗ್ಗದ್ದು. ಕೈಯಲ್ಲಿ ಹಿಡಿದರೆ ಬೆಂಕಿಪೊಟ್ಟಣದಷ್ಟು ಹಗುರ ಎನಿಸುತ್ತಿತ್ತು. ಕರಪತ್ರದಲ್ಲಿ ಅದರ ಸುದ್ದಿ ಇರಲಿಲ್ಲ.

ಆ ಕರಪತ್ರವನ್ನು ನಾನು ಟೈಪ್ ಮಾಡಿದ್ದು ಎನ್.ಆರ್. ಕಾಲೋನಿಯಲ್ಲಿ, ನನಗೆ ಟೈಪಿಂಗ್ ಕಲಿಸಿದ ಮೇಡಂ ಅವರ ಮನೆಯಲ್ಲಿ. ಐವತ್ತು ದಾಟಿದ್ದ ಅವರು ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹನ್ನೊಂದು ಯಂತ್ರಗಳಲ್ಲಿ ಆರಕ್ಕೆ ಆಗಲೇ ಬಟ್ಟೆ ಮುಚ್ಚಿತ್ತು. ಕಲಿಯಲು ಬರುವವರು ಕಡಿಮೆಯಾಗುತ್ತಿದ್ದರು. ನಾನು ಟೈಪ್ ಮಾಡಿದ ಹಾಳೆಯನ್ನು ಎಳೆದುಕೊಂಡು ಓದಿದರು.

“‘ನಾಳೆಗೂ’ ಅಂದ್ರೆ ಎಷ್ಟು ದಿನಾನೋ ಮರಿ?”

“ಹತ್ತು ವರ್ಷಕ್ಕೇನೂ ಮೋಸ ಇಲ್ಲ ಮೇಡಂ. ಹೊಸದು ಏನೇ ಬಂದ್ರೂ ಇದಕ್ಕೇ ಸೇರಿಸ್ಬೋದು.”

“ನಿಮ್ಮ ಯಜಮಾನ್ರು ಹೇಳಿದ್ದು ನನಗೆ ಬೇಡ. ನೀನು ಹೇಳು, ನಿಜಾನಾ?”

“ನಿಜ ಮೇಡಂ.”

ಮುಂದಿನ ವಾರವೇ ಕಂಪ್ಯೂಟರ್ ಅವರ ಒಳಕೋಣೆಗೆ ಬಂತು. ಕೂರಿಸಲು ಹೋದವರು ನಾನು ಮತ್ತು ಅಂಗಡಿಯಲ್ಲಿ ಜೋಡಣೆಯ ಕೆಲಸ ಮಾಡುತ್ತಿದ್ದ ನನ್ನ ವಯಸ್ಸಿನ ಗೆಳೆಯ. ಗೋಡೆಯ ಸಾಕೆಟ್ಟಿನಲ್ಲಿ ಮೂರು ತೂತುಗಳಿದ್ದವು. ಮೇಲಿನ ದೊಡ್ಡ ತೂತಿನ ತಂತಿ ನೆಲದೊಳಗೆ ಹೋಗಬೇಕು. ಯಂತ್ರದ ಲೋಹದ ಮೈಗೆ ಎಲ್ಲಾದರೂ ಕರೆಂಟು ತಾಕಿದರೆ ಅದು ಮನುಷ್ಯರ ಮೂಲಕ ಹರಿಯದೆ ಆ ದಾರಿಯಲ್ಲಿ ಭೂಮಿಗಿಳಿದು, ಫ್ಯೂಸು ಹಾರಿಹೋಗಲಿ ಎಂದು. ಗೆಳೆಯ ಸಾಕೆಟ್ಟಿನ ಮುಚ್ಚಳ ಬಿಚ್ಚಿ ತೋರಿಸಿದ. ಆ ತೂತಿನ ಹಿಂದೆ ತಂತಿಯೇ ಇರಲಿಲ್ಲ.

“ನೋಡ್ ಮಗಾ, ಜೇಡ ಸಂಸಾರ ಹೂಡಿದೆ.”

ಕಂಪ್ಯೂಟರ್ ಚಾಲೂ ಮಾಡಿ ಅದರ ಡಬ್ಬಕ್ಕೆ ಟೆಸ್ಟರ್ ತಾಗಿಸಿದ. ಟೆಸ್ಟರಿನ ಹಿಡಿಯೊಳಗೆ ಕೆಂಪು ಕಿಡಿ ಹೊತ್ತಿಕೊಂಡಿತು.

“ಉರೀತಿದೆಯಲ್ಲೋ!” ಎಂದೆ.

“ಮೆಲ್ಲಗೆ ಮಾತಾಡು ಗುರು. ಹಳೇ ಮನೆಗಳಲ್ಲೆಲ್ಲಾ ಉರಿಯತ್ತೆ. ಈ ಏರಿಯಾದಲ್ಲಿ ಅರ್ಥಿಂಗ್ ಹುಡುಕ್ಕೊಂಡು ಕೂತ್ರೆ ಒಂದು ಮಿಷನ್ನೂ ಮಾರಕ್ಕಾಗಲ್ಲ.”

ಅಡುಗೆಮನೆಯಿಂದ ಮೇಡಂ ಕೇಳಿದರು: “ಏನ್ರಪ್ಪಾ ಅದು ಗುಸುಗುಸು?”

“ಏನಿಲ್ಲ ಮೇಡಂ.” ಹಾಗೆಂದವನು ನಾನು, ಗೆಳೆಯನಲ್ಲ.

ಆ ಡಬ್ಬ ಮುಟ್ಟಿದವರಿಗೆಲ್ಲ ಬೆರಳು ಜುಂ ಎನ್ನುತ್ತಿತ್ತು. ಕಲಿಯಲು ಬರುವ ಹುಡುಗಿಯರಿಗೆ ಅದೊಂದು ಆಟವಾಯಿತು. “ಮೇಡಂ, ನಿಮ್ಮ ಕಂಪ್ಯೂಟರ್ ಕಚ್ಚತ್ತೆ!” ಎಂದು ಒಬ್ಬಳು ಕಿರುಚಿದರೆ, “ಕಚ್ಲಿ ಬಿಡೇ, ಹೊಸಬರು ಅಂದ್ರೆ ಅದಕ್ಕೂ ಭಯ” ಎಂದು ಮೇಡಂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ವರ್ಷ ಕಳೆಯುವಷ್ಟರಲ್ಲಿ ಅವರು ಕಲಿಸಬೇಕಾದ ಹೊಸ ಪಾಠಗಳಿಗೆ ಆ ಕಂಪ್ಯೂಟರ್ ಸಾಲದಾಯಿತು. ಮೇಡಂ ನನ್ನ ಕರಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. “ಬೆಳೆಸಿಕೊಳ್ಳಿ ಅಂತ ನೀನೇ ಬರ್ದಿದೀಯಲ್ಲ, ಬೆಳೆಸು” ಎಂದರು. ಇನ್ನೊಂದು ಹಾರ್ಡ್ ಡಿಸ್ಕ್, ಸಿ.ಡಿ. ಬರೆಯುವ ಡ್ರೈವ್, ಇನ್ನೊಂದು ಕಾರ್ಡು. ಖಾಲಿ ಜಾಗಗಳೆಲ್ಲ ತುಂಬಿದವು. ಕರೆಂಟಿನ ಪೆಟ್ಟಿಗೆ ಮಾತ್ರ ಅದೇ ಹಳೆಯದು.

“ಇಷ್ಟೆಲ್ಲಾ ತಡೆಯತ್ತೇನೋ ಇದು?” ಎಂದು ಗೆಳೆಯನನ್ನು ಕೇಳಿದೆ.

“ತಡೆಯತ್ತೆ ಅಂತ ಪೆಟ್ಟಿಗೆ ಮೇಲೆ ಚೀಟಿ ಅಂಟಿಸಿದಾರಲ್ಲ” ಎಂದ.

ನಾಲ್ಕು ದಿನ ಬಿಟ್ಟು ಅಂಗಡಿಗೆ ಮೇಡಂ ಫೋನು ಬಂತು. “ಏನೋ ಸುಟ್ಟ ವಾಸನೆ ಕಣೋ. ಪಕ್ಕದ್ಮನೆ ಒಗ್ಗರಣೆ ಅಂದ್ಕೊಂಡಿದ್ದೆ. ಅವರು ಊರಿಗೆ ಹೋಗಿದಾರೆ, ಇವತ್ತೂ ಬರ್ತಿದೆ.”

“ನಾಳೆ ಬೆಳಿಗ್ಗೆ ಬಂದು ನೋಡ್ತೀನಿ ಮೇಡಂ” ಎಂದು ಫೋನ್ ಇಟ್ಟೆ. ಪ್ಲಗ್ ಕಿತ್ತಿಡಿ ಎನ್ನಬೇಕಿತ್ತು. ಎರಡೇ ಎರಡು ಮಾತು. ಆ ಫೋನಿನ ಸಂಭಾಷಣೆಯನ್ನು ಮನಸ್ಸಿನಲ್ಲಿ ಸಾವಿರ ಸಲ ನಡೆಸಿದ್ದೇನೆ. ಪ್ರತಿ ಸಲವೂ ಆ ಎರಡು ಮಾತನ್ನು ಸೇರಿಸುತ್ತೇನೆ.

ಮೇಡಂಗೆ ಒಂದು ಅಭ್ಯಾಸವಿತ್ತು. ಬೆಳಗಿನ ಆರರ ಬ್ಯಾಚಿಗೆ ಮೊದಲು ಸ್ನಾನ ಮಾಡಿ, ಕೆಂಪು ಗಾರೆಯ ನೆಲ ಒರೆಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಪ್ರತಿ ಟೈಪ್‌ರೈಟರಿನ ಮೈ ಒರೆಸಿ ಕಣ್ಣಿಗೊತ್ತಿಕೊಳ್ಳುವುದು. ಮೂವತ್ತು ವರ್ಷದ ಅಭ್ಯಾಸ. ಅನ್ನ ಕೊಡುವ ಯಂತ್ರಗಳಲ್ಲಿ ಅವರು ಭೇದ ಮಾಡುತ್ತಿರಲಿಲ್ಲ. ಕಂಪ್ಯೂಟರಿಗೂ ಅದೇ ಸೇವೆ ನಡೆಯುತ್ತಿತ್ತು. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆರಿಸುವ ಇಲ್ಲವೇ ಪ್ಲಗ್ ಕೀಳುವವರೆಗೆ ಅದರೊಳಗೆ ಕರೆಂಟು ಇರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು.

ಮರುದಿನ ಆರಕ್ಕೆ ಮೊದಲೇ ನಾನು ಹೋಗುವಾಗ ಮುಂದಿನ ಕೋಣೆಯಲ್ಲಿ ಬೇಗ ಬಂದಿದ್ದ ಇಬ್ಬರು ಹುಡುಗಿಯರು ಟಕಟಕ ಟೈಪ್ ಮಾಡುತ್ತಿದ್ದರು. ಒಳಕೋಣೆಯ ನೆಲ ಇನ್ನೂ ಒದ್ದೆ. ಮೇಡಂ ನನಗೆ ಬೆನ್ನು ಮಾಡಿ ಕಂಪ್ಯೂಟರಿನ ಮೇಲೆ ಬಾಗಿದ್ದರು. ಎಡಗೈಯಲ್ಲಿ ಡಬ್ಬದ ಹಿಂದಿನ ಅಂಚನ್ನು ಹಿಡಿದಿದ್ದರು, ಬಲಗೈಯಲ್ಲಿ ಬಟ್ಟೆ.

“ಮೇಡಂ, ಬಂದೆ” ಎಂದೆ.

ಅವರು ತಿರುಗಲಿಲ್ಲ. ಏನನ್ನೋ ನೋಡುತ್ತಿದ್ದಾರೆ ಎಂದುಕೊಂಡು ಒಳಕೋಣೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಬಿಟ್ಟು, ಎರಡನ್ನೂ ಗೋಡೆಗೆ ಸರಿಸಿ ಜೋಡಿಸಿದೆ. ಆ ಮನೆಯಲ್ಲಿ ಹಾಗೆಯೇ ಇಡಬೇಕಿತ್ತು. ತಲೆ ಎತ್ತಿದಾಗ ಅವರ ಒದ್ದೆ ಜಡೆಯ ತುದಿ ಸಣ್ಣಗೆ, ಒಂದೇ ಸಮನೆ ನಡುಗುತ್ತಿರುವುದು ಕಾಣಿಸಿತು. ಮೊಣಕೈ ನಡುಗುತ್ತಿತ್ತು. ಬಾಯಿಂದ ಸದ್ದೇ ಇಲ್ಲ. ಸದ್ದಿದ್ದರೂ ಟೈಪ್‌ರೈಟರುಗಳ ನಡುವೆ ನನಗೆ ಕೇಳುತ್ತಿರಲಿಲ್ಲ.

ಅವರನ್ನು ಮುಟ್ಟಲು ಕೈ ಚಾಚಿದ್ದೆ. ಓದಿದ ವಿದ್ಯೆ ಆಗ ಉಪಯೋಗಕ್ಕೆ ಬಂತು, ಕೈ ಹಿಂದೆಗೆದೆ. ಬಾಗಿಲ ಮೇಲೆ ಕಬ್ಬಿಣದ ಪೆಟ್ಟಿಗೆಯ ಮೇನ್ ಸ್ವಿಚ್ ಇತ್ತು. ಸ್ಟೂಲ್ ಎಳೆದು, ಹತ್ತಿ, ಹಿಡಿಯನ್ನು ಕೆಳಕ್ಕೆ ಜಗ್ಗಿದೆ. ದೀಪ ಆರಿತು. ಮೇಡಂ ಒಣಗಲು ಹಾಕಿದ ಸೀರೆ ಜಾರಿದ ಹಾಗೆ ನೆಲಕ್ಕೆ ಬಿದ್ದರು. ಮುಂದಿನ ಕೋಣೆಯಲ್ಲಿ ಟೈಪ್‌ರೈಟರುಗಳು ನಿಲ್ಲಲಿಲ್ಲ. ಅವಕ್ಕೆ ಕರೆಂಟು ಬೇಕಿರಲಿಲ್ಲ.

ಅವರು ಬದುಕಿದರು. ಚಪ್ಪಲಿ ಜೋಡಿಸಿದ ಆ ಹೊತ್ತು ಇನ್ನೊಂದಿಷ್ಟು ಉದ್ದವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಸುಟ್ಟು, ಮತ್ತೆಂದೂ ಮಡಚಲು ಬಾರದಾದವು. ಇಂಗ್ಲಿಷ್ ಟೈಪಿಂಗಿನ ಮೊದಲ ಪಾಠದ ಮೊದಲ ಅಕ್ಷರ ಆ ಕಿರುಬೆರಳಿನದು.

ಗೆಳೆಯ ಕರೆಂಟಿನ ಪೆಟ್ಟಿಗೆ ಬಿಚ್ಚಿದ. ಬಿಸಿಗೆ ತಂತಿಯ ಹೊದಿಕೆ ಕರಗಿ, ಒಳಗಿನ ತಾಮ್ರ ಲೋಹದ ಗೋಡೆಗೆ ಅಂಟಿಕೊಂಡಿತ್ತು. ಅವನು ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತ. ಯಜಮಾನರು ಅದನ್ನು ತಿರುಗಿಸಿ ನೋಡಿದರು.

“ಅರ್ಥಿಂಗಿಗೆ ಗುಂಡಿ ತೋಡಿಸಿ, ಉಪ್ಪು ಇದ್ದಿಲು ಹಾಕಿಸದೆ ನಾನು ಒಂದು ಪಂಪ್‌ಸೆಟ್ಟಿಗೂ ಕನೆಕ್ಷನ್ ಕೊಟ್ಟವನಲ್ಲ” ಎಂದರು.

“ಮತ್ತೆ ಇಲ್ಲಿ, ಸಾರ್?”

“ಇಲ್ಲಿ ಮಿಷನ್ ನಮ್ದು, ನೆಲ ಅವರದ್ದು.”

ಆಮೇಲೆ ನಾನು ಬಂದ ಗಿರಾಕಿಗಳನ್ನೆಲ್ಲ ಮನೆಯಲ್ಲಿ ಅರ್ಥಿಂಗ್ ಇದೆಯೇ ಎಂದು ಕೇಳತೊಡಗಿದೆ. ಹದಿನೈದು ದಿನಕ್ಕೆ ನನ್ನನ್ನು ಒಳಗೆ ಪೆಟ್ಟಿಗೆ ಎಣಿಸುವ ಕೆಲಸಕ್ಕೆ ಹಾಕಿದರು. ಕರಪತ್ರ ಮಾತ್ರ ಅದೇ ಮಾತಿನಲ್ಲಿ ಮತ್ತೊಮ್ಮೆ ಅಚ್ಚಾಯಿತು.

ಮೇಡಂ ಮನೆಗೆ ಬಂದ ಮೇಲೆ ನೋಡಲು ಹೋದೆ. ಒಳಕೋಣೆಯ ಮೇಜು ಖಾಲಿಯಿತ್ತು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಟೈಪ್‌ರೈಟರಿನ ಮುಂದೆ ಕುಳಿತಿದ್ದರು. ಕಾಫಿ ಕೊಡಿಸಿದರು, ನನ್ನ ಅಮ್ಮನ ಆರೋಗ್ಯ ಕೇಳಿದರು. ಆಮೇಲೆ, ನನ್ನ ಮುಖ ನೋಡದೆ, ಕೇಳಿದರು:

“ಆ ಮೂರನೇ ತೂತಿನ ವಿಷಯ. ಎಲೆಕ್ಟ್ರೀಷಿಯನ್ ಬಂದಿದ್ದ, ಹೇಳ್ದ. ನೀನು ಬಿ.ಎಸ್ಸಿ. ಅಲ್ವೇನೋ ಮರಿ, ನಿನಗೆ ಗೊತ್ತಿರ್ಲಿಲ್ವಾ?”

“ಗೊತ್ತಿರ್ಲಿಲ್ಲ ಮೇಡಂ” ಎಂದೆ.

“ಹಾಗಾದ್ರೆ ಸರಿ” ಎಂದರು. ನೆಟ್ಟಗೆ ನಿಂತುಬಿಟ್ಟ ಎರಡು ಬೆರಳುಗಳನ್ನು ತಾಗದಂತೆ ಎತ್ತಿ ಹಿಡಿದು, ಉಳಿದ ಬೆರಳುಗಳಿಂದ ಟೈಪ್‌ರೈಟರಿಗೆ ಬಟ್ಟೆ ಎಳೆದರು. ಒಂದು ಮೂಲೆ ಸರಿಯಾಗಿ ಮುಚ್ಚಲಿಲ್ಲ. ಅದನ್ನು ಸರಿಪಡಿಸಲು ನಾನು ಎದ್ದೆ. “ಬೇಡ, ಕೂತ್ಕೋ” ಎಂದರು.